ಇಳಿಜಾರಿನಲ್ಲಿ ತಾನೇ ಬಿದ್ದ ನ್ಯೂಟ್ರಲ್

ಇದು ಕಟ್ಟುಕತೆಯಾಗಿದ್ದರೆ ನನ್ನನ್ನು ನಾನು ಇಷ್ಟು ಕೆಟ್ಟದಾಗಿ ತೋರಿಸಿಕೊಳ್ಳುತ್ತಿರಲಿಲ್ಲ. ಕತೆ ಕಟ್ಟುವವನು ತನಗೆ ಸ್ವಲ್ಪವಾದರೂ ಧೈರ್ಯ ಕೊಟ್ಟುಕೊಳ್ಳುತ್ತಾನೆ. ನನಗೆ ಆ ಅನುಕೂಲವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ನಾನು ಬಾಯಿಬಡುಕ, ಹೇಡಿ, ಮೇಲಾಗಿ ಸುಳ್ಳ. ಆದರೂ ಹೇಳುತ್ತಿದ್ದೇನೆ. ಯಾಕೆಂದರೆ ಯಾರಿಗೆ ಹೇಳಬೇಕಾಗಿತ್ತೋ ಅವರಿಗೆ ಹೇಳಲು ನನ್ನ ಕೈಲಿ ಇವತ್ತಿಗೂ ಆಗಿಲ್ಲ.

ನನ್ನ ಹೆಸರು ಪ್ರಕಾಶ. ಕೋಣನಕುಂಟೆಯಲ್ಲಿ ನನ್ನ ಗ್ಯಾರೇಜು. ಕ್ಲಚ್ ಇಲ್ಲದೆ ಗೇರನ್ನು ತಾವೇ ಬದಲಿಸಿಕೊಳ್ಳುವ ಹಳೆಯ ಕಾರುಗಳಿದ್ದಾವಲ್ಲ, ಅವುಗಳ ಗೇರ್ ಬಾಕ್ಸ್ ಬಿಚ್ಚಿ ಮತ್ತೆ ಕಟ್ಟುವುದು ನನ್ನ ಕಸುಬು. ಆಟೋಮ್ಯಾಟಿಕ್ ಬಾಕ್ಸ್ ಎಂದರೆ ಎಷ್ಟೋ ಮೆಕ್ಯಾನಿಕ್‌ಗಳು ಕೈ ಎತ್ತಿಬಿಡುತ್ತಾರೆ. ಒಳಗೆ ರಾಶಿ ರಾಶಿ ಪ್ಲೇಟು, ಸ್ಪ್ರಿಂಗು, ಕಡಲೆಕಾಳಿನಷ್ಟು ಸಣ್ಣ ಗುಂಡುಗಳು. ಒಂದು ಗುಂಡು ತಪ್ಪಿದರೂ ಎಲ್ಲ ಬಿಚ್ಚಿ ಮೊದಲಿನಿಂದ ಶುರು. ನಾನು ಕೈ ಎತ್ತಿದವನಲ್ಲ. ಆ ಕೊಬ್ಬು ನನಗೆ ಇತ್ತು, ಇರಲಿಲ್ಲ ಎಂದು ಹೇಳುವುದಿಲ್ಲ.

ಶೈಲಜಾ ಮೇಡಂ ನನ್ನ ಬಳಿ ಬಂದದ್ದು ಕಳೆದ ಮಳೆಗಾಲದ ಕೊನೆಯಲ್ಲಿ. ಪದ್ಮನಾಭನಗರದಲ್ಲಿ ಅವರ ಮನೆ. ಮಹಡಿಯ ಮೇಲೆ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾರೆ. ಅವರು ಟೋ ಮಾಡಿಸಿಕೊಂಡು ತಂದದ್ದು ತೀರಿಹೋದ ತಂದೆಯ ಕಾರು, ಕೆನೆ ಬಣ್ಣದ ಹಳೆಯ ಜರ್ಮನ್ ಗಾಡಿ. ತಂದೆ ಸಂಜೆ ಕಾಲೇಜಿನಲ್ಲಿ ಲಾ ಮೇಷ್ಟ್ರಾಗಿದ್ದರಂತೆ. ಎಡಗಾಲಿಗೆ ಪೋಲಿಯೋ. ಕ್ಲಚ್ ಒತ್ತಲು ಆಗುತ್ತಿರಲಿಲ್ಲವೆಂದು ಎಲ್ಲೆಲ್ಲೋ ವಿಚಾರಿಸಿ ಈ ಆಟೋಮ್ಯಾಟಿಕ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಂದಿದ್ದರು. ಅವರು ಹೋದ ಮೇಲೆ ಗಾಡಿ ನಿಂತಲ್ಲೇ ನಿಂತು, ಈಗ ಸ್ಟಾರ್ಟ್ ಆದರೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಬಂದ ದಿನವೇ ಮೇಡಂ ಸ್ಪಷ್ಟವಾಗಿ ಹೇಳಿದ್ದರು.

"ಅಪ್ಪ ಓಡಿಸ್ತಿದ್ದಾಗ ಹೇಗಿತ್ತೋ ಹಾಗೇ ಮಾಡ್ಕೊಡಿ. ಹೊಸದೇನೂ ಬೇಡ."

"ಯಾಕ್ ಮೇಡಂ? ಮಾಡೋದು ಮಾಡ್ತೀವಿ, ಅಪ್‌ಗ್ರೇಡ್ ಮಾಡ್ಬಿಡೋಣ. ಸಖತ್ತಾಗಿ ಹೋಗುತ್ತೆ."

ಅವರು ಕಾರಿನ ಎಡಗಡೆಯ ಬಾಗಿಲಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಅಪ್ಪನಿಗೆ ಕೊನೇಲಿ ಬಾಯಿಗೆ ಟ್ಯೂಬ್ ಹಾಕಿದ್ರು. ಒಂದು ಮಾತೂ ಆಡೋಕಾಗ್ಲಿಲ್ಲ. ಈ ಸೀಟಲ್ಲಿ ಕೂತು ನಮ್ಮ ರಸ್ತೆ ಇಳಿದ್ರೆ, ಅವರು ಪಕ್ಕದಲ್ಲಿದಾರೆ ಅಂತ ಒಂದ್ಸಲ ಅನ್ಸುತ್ತೇನೋ… ಅಷ್ಟೇ ನಂಗೆ ಬೇಕಾಗಿರೋದು."

ಆಯ್ತು ಮೇಡಂ ಎಂದೆ. ಮನಸ್ಸಿನಲ್ಲಿ ಮಾತ್ರ ಬೇರೆ ಲೆಕ್ಕ ಓಡುತ್ತಿತ್ತು. ಅಂಥ ಬಾಕ್ಸನ್ನು ಅಪ್‌ಗ್ರೇಡ್ ಮಾಡುವ ಅವಕಾಶ ದಿನಾ ಸಿಗುವುದಿಲ್ಲ. ಹಳೆ ಕಾರುಗಳವರ ಒಂದು ವಾಟ್ಸಾಪ್ ಗ್ರೂಪಿದೆ. ಅದರಲ್ಲಿ ಫೋಟೋ ಹಾಕಿ ನಾಲ್ಕು ಜನರ ಬಾಯಲ್ಲಿ ಹೊಗಳಿಸಿಕೊಳ್ಳಬೇಕೆಂಬ ಆಸೆ ನನಗಿತ್ತು.

ಬಾಕ್ಸ್ ಇಳಿಸಿ ಬಿಚ್ಚಿದ ದಿನ ಮೇಡಂ ನೋಡಲು ಬಂದರು. ಬೊಮ್ಮನಹಳ್ಳಿಯಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಗೆಳೆಯ ಸಲೀಂ ಕೂಡ ಅಲ್ಲಿದ್ದ. ಎಂಜಿನ್ನಿನ ಬಲವನ್ನು ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಎಂಬ ದೊಡ್ಡ ಡಬ್ಬಿಯನ್ನು ಕತ್ತರಿಸಿ, ತೊಳೆದು, ಮತ್ತೆ ವೆಲ್ಡ್ ಮಾಡಿಕೊಡುವವನು ಅವನೇ.

ಟ್ರೇಯಲ್ಲಿದ್ದ ಎಣ್ಣೆ ಕಾಫಿ ಡಿಕಾಕ್ಷನ್ ಹಾಗೆ ಕಪ್ಪಾಗಿತ್ತು. ಆ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬಟ್ಟೆ ಒಗೆದರೂ ಹೋಗುವುದಿಲ್ಲ. ಒಳಗಿನ ಕ್ಲಚ್ ಪ್ಲೇಟುಗಳು ಸೀದ ದೋಸೆಯಂತಿದ್ದವು. ನಾನು ಒಂದನ್ನು ಎತ್ತಿ ಮೇಡಂ ಮುಖದ ಮುಂದೆ ಹಿಡಿದೆ.

"ನಿಮ್ಮ ತಂದೆ ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ಕೊಂಡು ಬರ್ತಿದ್ರಾ?"

ಅವರು ಬೆರಗಾಗಿ ನನ್ನನ್ನು ನೋಡಿದರು. "ಹೌದು… ನಮ್ಮ ರಸ್ತೇಲಿ ಯಾವಾಗ್ಲೂ. ನಿಮಗೆ ಹೇಗೆ ಗೊತ್ತಾಯ್ತು?"

ಗೊತ್ತಾಗುವುದೇನು ಬಂತು! ನಮ್ಮ ಊರಿನಲ್ಲಿ ಒಂದು ತಲೆಮಾರಿನವರೆಲ್ಲ ಇಳಿಜಾರು ಕಂಡ ಕೂಡಲೇ ಗೇರ್ ತೆಗೆದು ಗಾಡಿ ಜಾರಿಸಿದವರೇ. ಕತ್ತಲಲ್ಲಿ ಎಸೆದ ಕಲ್ಲು ಗುರಿಗೆ ಬಿತ್ತು, ಅಷ್ಟೇ. ನಾನು ಅದನ್ನೇ ದೊಡ್ಡ ಪತ್ತೇದಾರಿಕೆ ಮಾಡಿದವನಂತೆ ಬೀಗಿದೆ.

"ಅದೇ ನೋಡಿ ಆಗಿರೋದು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಸ್ಲೋ ಆದ್ರೆ ಎಣ್ಣೆ ಪಂಪೂ ಸ್ಲೋ ಆಗುತ್ತೆ. ಚಕ್ರ ಮಾತ್ರ ಜೋರಾಗಿ ತಿರುಗ್ತಾ ಇರುತ್ತೆ. ಎಣ್ಣೆ ಇಲ್ದೆ ಒಳಗೆಲ್ಲಾ ಸುಡುತ್ತೆ. ಒಂದು ಚಮಚ ಪೆಟ್ರೋಲ್ ಉಳಿಸೋಕೆ ಇಡೀ ಬಾಕ್ಸ್ ತಿಂದು ಹಾಕಿದಾರೆ ನಿಮ್ಮ ತಂದೆ. ಲಾ ಓದಿದೋರು ಬೇರೆ… ಎಂಥ ಜುಗ್ಗತನ!"

ಮೇಡಂ ಮುಖ ಕೆಂಪಾಯಿತು. ಸಲೀಂ ನನ್ನ ಮೊಣಕೈ ತಿವಿದ. "ಹೋಗ್ಬಿಟ್ಟೋರ್ ಬಗ್ಗೆ ಹಂಗೆಲ್ಲಾ ಮಾತಾಡ್ಬೇಡ ಗುರು," ಎಂದ ಮೆಲ್ಲಗೆ.

ಆ ಪ್ಲೇಟುಗಳು ಸುಟ್ಟದ್ದು ವಯಸ್ಸಿಗೆ, ಹಳೆಯ ಎಣ್ಣೆಗೆ. ಮನೆ ಮುಂದಿನ ಒಂದು ಇಳಿಜಾರಿನಿಂದ ಬಾಕ್ಸ್ ಸುಡುವುದಿಲ್ಲವೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ತಪ್ಪನ್ನು ಮೇಷ್ಟ್ರ ತಲೆಗೆ ಕಟ್ಟಿದರೆ ಅಪ್‌ಗ್ರೇಡ್‌ಗೆ ಮೇಡಂ ಒಪ್ಪುತ್ತಾರೆ. ಒಪ್ಪಿದರು ಕೂಡ. ಬಹಳ ಸಣ್ಣ ದನಿಯಲ್ಲಿ "ನಿಮಗೆ ಸರಿ ಕಂಡ ಹಾಗೆ ಮಾಡಿ," ಎಂದು ಹೇಳಿ ಹೊರಟುಹೋದರು.

ನಾನು ಎಲ್ಲ ಮಾಡಿದೆ. ಹೊಸ ನಮೂನೆಯ ಗಟ್ಟಿ ಪ್ಲೇಟುಗಳನ್ನು ತರಿಸಿದೆ. ಎಣ್ಣೆಯನ್ನು ಯಾವಾಗ ಯಾವ ಗೇರಿಗೆ ಕಳಿಸಬೇಕೆಂದು ತೀರ್ಮಾನಿಸುವ ವಾಲ್ವ್ ಬಾಡಿಯನ್ನು ಬದಲಿಸಿದೆ. ಎಣ್ಣೆ ತಣಿಸಲು ಮುಂದೆ ಒಂದು ಕೂಲರ್ ಕೂರಿಸಿದೆ. ಕೊನೆಗೆ ಗೇರ್ ಲಿವರ್. ಹಳೆಯದನ್ನು ಕಿತ್ತು, ಸ್ಟೀಲ್ ಗುಬುಟಿನ ಹೊಸ ಲಿವರ್ ಹಾಕಿದೆ. ಅದಕ್ಕೊಂದು ಲಾಕ್. ಗುಬುಟಿನ ಪಕ್ಕದ ಬಟನ್ನನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತದೆ ಡ್ರೈವ್‌ನಿಂದ ನ್ಯೂಟ್ರಲ್‌ಗೆ ಹೋಗಲು ಸಾಧ್ಯವೇ ಇಲ್ಲ. ಅದನ್ನು ಕಾರಿಗಾಗಿ ಹಾಕಿದೆನೋ, ಸತ್ತವರ ಜೊತೆ ವಾದ ಗೆಲ್ಲುವುದಕ್ಕೆ ಹಾಕಿದೆನೋ.

ಈ ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ಒಂದು ಸಂಜೆ ಹೊಸ ಲಿವರನ್ನು ಹಿಂದೆ ಮುಂದೆ ಆಡಿಸಿ ನೋಡಿ, ಕೊನೆಗೆ ಪಾರ್ಕ್‌ಗೆ ಹಾಕಿ ಷಟರ್ ಎಳೆದು ಮನೆಗೆ ಹೋದೆ. ಬೆಳಿಗ್ಗೆ ಬಂದಾಗ ಲಿವರ್ ನ್ಯೂಟ್ರಲ್‌ನಲ್ಲಿತ್ತು… ಷಟರಿನ ಬೀಗ ಹಾಕಿದ ಹಾಗೇ ಇತ್ತು. ನಾನೇ ಮರೆತಿರಬೇಕು ಎಂದುಕೊಂಡೆ. ನಾನು ಗೇರ್ ಮರೆಯುವವನಲ್ಲ. ಆದರೂ ಹಾಗೆ ಅಂದುಕೊಂಡೆ.

ಕನ್ವರ್ಟರ್ ಸಲೀಂ ಕಡೆಯಿಂದ ತಡವಾಗಿ ಬಂತು. ಎಲ್ಲ ಕೂರಿಸಿ ಎಣ್ಣೆ ತುಂಬಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಗಾಡಿ ಇವತ್ತೇ ಮನೆಗೆ ಬರಲೆಂದು ಮೇಡಂ ಟ್ಯೂಷನ್ ಮುಗಿಸಿ ಆಟೋದಲ್ಲಿ ಬಂದುಬಿಟ್ಟರು. ಕೈಯಲ್ಲಿ ನಿಂಬೆಹಣ್ಣು, ಕುಂಕುಮ, ಒಂದು ಮೊಳ ಸೇವಂತಿಗೆ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು, ಬಾನೆಟ್‌ಗೆ ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರು. ನಾನು ಲಿವರ್ ತೋರಿಸಿ ಲಾಕ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದೆ. ವಿವರಿಸಿ ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು.

"ಇನ್ಮೇಲೆ ನಿಮ್ಮಪ್ಪನೇ ಬಂದು ತಳ್ಳಿದ್ರೂ ಇದು ನ್ಯೂಟ್ರಲ್‌ಗೆ ಬೀಳಲ್ಲ ಮೇಡಂ!"

ಹೇಳಿ ನಕ್ಕೆ. ನಕ್ಕದ್ದು ನಾನೊಬ್ಬನೇ.

ಅವರು ಎಡಗಡೆ ಬಾಗಿಲು ತೆಗೆದು ಒಳಗೆ ಕೂತರು. "ನೀವೇ ಓಡಿಸಿ. ಅಪ್ಪ ಇದ್ದಾಗ ನನ್ನ ಸೀಟು ಇದೇ," ಎಂದರು. ನಿಂಬೆಹಣ್ಣುಗಳು ಪಿಚಕ್ ಎಂದು ಒಡೆದವು. ನಾವು ಹೊರಟೆವು.

ಗಾಡಿ ಬೆಣ್ಣೆಯಂತೆ ಹೋಗುತ್ತಿತ್ತು. ಒಂದು ಗೇರಿನಿಂದ ಇನ್ನೊಂದಕ್ಕೆ ಹಾರಿದ್ದು ಗೊತ್ತೇ ಆಗುತ್ತಿರಲಿಲ್ಲ. ಹೊಸ ಎಣ್ಣೆಯ ಸಿಹಿಯಾದ ವಾಸನೆ, ಸೇವಂತಿಗೆ ವಾಸನೆ. ಕನಕಪುರ ರಸ್ತೆಯ ಗದ್ದಲ ದಾಟಿ, ಬನಶಂಕರಿ ಕಡೆ ಒಂದು ಸುತ್ತು ಹೊಡೆದು, ಪದ್ಮನಾಭನಗರದ ಒಳರಸ್ತೆಗಳಿಗೆ ತಿರುಗಿದೆವು. ಜನ ಊಟ ಮಾಡಿ ಟಿವಿ ಮುಂದೆ ಕೂರುವ ಹೊತ್ತು. ದಾರಿಯುದ್ದಕ್ಕೂ ನಾನು ಒಂದೇ ಸಮನೆ ನನ್ನ ಕೆಲಸ ಹೊಗಳಿಕೊಳ್ಳುತ್ತಿದ್ದೆ.

ಅವರ ರಸ್ತೆಯ ತಲೆಗೆ ಬಂದಾಗ ಇದ್ದಕ್ಕಿದ್ದಂತೆ ಕರೆಂಟು ಹೋಯಿತು.

ಇಡೀ ಬಡಾವಣೆ ಒಮ್ಮೆಗೇ ಕಪ್ಪಾಯಿತು. ರಸ್ತೆ ನೇರವಾಗಿ ಕೆಳಗಿಳಿಯುತ್ತದೆ. ಇಳಿಜಾರು ಮುಗಿಯುವಲ್ಲಿ ಒಂದು ಹಂಪು, ಅದರ ಪಕ್ಕದಲ್ಲೇ ಅವರ ಮನೆ. ಪೈಪ್‌ಲೈನಿಗೆಂದು ರಸ್ತೆಯ ಒಂದು ಬದಿ ಅಗೆದು ಹಾಕಿದ್ದರು. ಅಲ್ಲಿ ಮರಳಿನ ಗುಡ್ಡೆ, ಕಲ್ಲಿನ ಗುಡ್ಡೆ. ಅಗೆದ ರಸ್ತೆಯೆಂದು ಹೊರಗಿನ ಗಾಡಿಗಳು ಆ ಕಡೆ ಬರುತ್ತಿರಲಿಲ್ಲ, ಒಂದು ಸ್ಕೂಟರ್ ಕೂಡ ಇರಲಿಲ್ಲ. ನಮ್ಮ ಹೆಡ್‌ಲೈಟಿನ ಹಳದಿ ಬೆಳಕು ಬಿಟ್ಟರೆ ಬೇರೇನೂ ಇರಲಿಲ್ಲ.

"ಇಲ್ಲಿಂದ್ಲೇ," ಎಂದರು ಮೇಡಂ. ಎಷ್ಟೋ ಹೊತ್ತಿನ ಮೇಲೆ ಅವರ ದನಿ ಕೇಳಿತ್ತು.

"ಏನ್ ಮೇಡಂ?"

"ಅಪ್ಪ ನ್ಯೂಟ್ರಲ್ ಮಾಡ್ತಿದ್ದಿದ್ದು ಇಲ್ಲಿಂದ್ಲೇ. ಪೆಟ್ರೋಲ್ ಉಳಿಸೋಕಲ್ಲ."

ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ನಿಧಾನವಾಗಿ ಇಳಿಸುತ್ತಿದ್ದೆ.

"ಚಿಕ್ಕೋಳಿದ್ದಾಗ ನಂಗೆ ಫಿಟ್ಸ್ ಬರ್ತಿತ್ತು. ನಿದ್ದೆ ಕೆಟ್ಟರೆ ಬರುತ್ತೆ, ಎಬ್ಬಿಸ್ಬೇಡಿ ಅಂತ ಡಾಕ್ಟ್ರು ಹೇಳಿದ್ರು. ಅಪ್ಪ ಕಾಲೇಜಿಂದ ಬರೋದು ರಾತ್ರಿ. ಎಂಜಿನ್ ಸದ್ದಿಗೆ ನಾನು ಎದ್ಬಿಡ್ತೀನಿ ಅಂತ ಇಲ್ಲೇ ಗೇರ್ ತೆಗೆದು, ಸದ್ದಿಲ್ದೆ ಜಾರಿಸ್ಕೊಂಡು ಬರ್ತಿದ್ರು. ನನ್ನ ಫಿಟ್ಸ್ ವಾಸಿಯಾದ್ಮೇಲೂ ಬಿಡ್ಲಿಲ್ಲ. ಮದುವೆಯಾಗಿ ಅಪ್ಪನ ಜೊತೆ ಇದೇ ಮನೇಲಿ ಉಳಿದ್ಮೇಲೂ ಬಿಡ್ಲಿಲ್ಲ…"

ಅವರು ಸಣ್ಣಗೆ ನಕ್ಕರು.

"ನಾನು ನಿದ್ದೆ ಮಾಡ್ತಾನೇ ಇರ್ಲಿಲ್ಲ. ಟೈರ್ ಸದ್ದು ಕೇಳೋಕೆ ಅಂತ ಎಚ್ಚರವಾಗೇ ಇರ್ತಿದ್ದೆ. ಅಪ್ಪನಿಗೆ ಮಾತ್ರ ಹೇಳ್ಲೇ ಇಲ್ಲ."

ಜುಗ್ಗ ಎಂದಿದ್ದೆ ನಾನು. ಆ ಮನುಷ್ಯನ ಮಗಳ ಎದುರಿಗೇ, ಸುಟ್ಟ ಪ್ಲೇಟನ್ನು ಮುಖಕ್ಕೆ ಹಿಡಿದು ಹಾಗೆಂದಿದ್ದೆ. ಕ್ಷಮಿಸಿ ಎಂಬ ಮಾತು ಗಂಟಲಿನವರೆಗೆ ಬಂತು. ಆದರೆ ಅದನ್ನು ಆಚೆ ಹಾಕುವುದು ನನಗೆ ಅಭ್ಯಾಸವಿಲ್ಲ. "ಹೂಂ," ಎಂದೆ ಅಷ್ಟೇ. ಎಡಗೈಯನ್ನು ಗೇರ್ ಲಿವರಿನ ಮೇಲೆ ಇಟ್ಟೆ. ಸುಮ್ಮನೆ, ಕೈಗೆ ಒಂದು ಆಧಾರಕ್ಕೆ.

ಆಗ ಆ ವಾಸನೆ ಬಂತು.

ಸುಟ್ಟ ಎಣ್ಣೆಯ ವಾಸನೆ. ಗ್ಯಾರೇಜಿನಲ್ಲಿ ಟ್ರೇಗೆ ಸುರಿದಿದ್ದೆನಲ್ಲ, ಅದೇ. ಬಾಕ್ಸಿನ ಒಳಗೆ ಹಳೆಯ ಎಣ್ಣೆಯ ಒಂದು ಹನಿ ಉಳಿಯದಂತೆ ನಾನೇ ತೊಳೆದಿದ್ದೆ. ಮೀಟರ್ ನೋಡಿದೆ. ಬಿಸಿ ಸರಿಯಾಗಿಯೇ ಇತ್ತು. ವಾಸನೆ ಮಾತ್ರ ಮೂಗಿನ ಹತ್ತಿರವೇ ಇತ್ತು, ಯಾರೋ ಪಕ್ಕಕ್ಕೆ ಬಗ್ಗಿ ಉಸಿರು ಬಿಟ್ಟಷ್ಟು ಹತ್ತಿರ…

ನನ್ನ ಎಡಗೈ ಬೆಚ್ಚಗಾಯಿತು.

ಮೊದಲು ಅಂಗೈ ಹಿಂಭಾಗ. ಆಮೇಲೆ ಬೆರಳುಗಳು, ಒಂದೊಂದಾಗಿ. ಒಂದು ಕೈ ನನ್ನ ಕೈಯ ಮೇಲೆ ಕೂತಿತ್ತು. ಮೇಡಂ ಕೈಯಿಟ್ಟರೇನೋ ಎಂದು ತಿರುಗಿ ನೋಡಿದೆ. ಮೀಟರಿನ ಮಂದ ಬೆಳಕಿನಲ್ಲಿ ಅವರ ಎರಡೂ ಕೈ ಕಾಣುತ್ತಿದ್ದವು. ಮಡಿಲಲ್ಲಿ ಪರ್ಸನ್ನು ಹಿಡಿದುಕೊಂಡಿದ್ದರು. ನನ್ನ ಕೈಯ ಮೇಲೆ ಏನೂ ಕಾಣುತ್ತಿರಲಿಲ್ಲ. ಆದರೆ ಭಾರ ಇತ್ತು. ಒರಟಾದ, ವಯಸ್ಸಾದ ಚರ್ಮ. ನಾಡಿ ಹೊಡೆದುಕೊಳ್ಳುತ್ತಿದ್ದದ್ದು ಕೂಡ ಗೊತ್ತಾಗುತ್ತಿತ್ತು.

ನನ್ನ ಹೆಬ್ಬೆರಳಿನ ಮೇಲೆ ಇನ್ನೊಂದು ಹೆಬ್ಬೆರಳು ಬಂತು. ಒತ್ತಿತು. ಜೋರಾಗಿ ಏನಲ್ಲ. ಮಗುವಿಗೆ ಅಕ್ಷರ ತಿದ್ದಿಸುವವರು ಒತ್ತುತ್ತಾರಲ್ಲ, ಹಾಗೆ.

ಕಟಕ್…

ಲಿವರ್ ಮುಂದಕ್ಕೆ ಸರಿಯಿತು. ಎಂಜಿನ್ ಸದ್ದು ಅಡಗಿತು. ಕಾರು ಹಗುರವಾಯಿತು. ಆ ಕತ್ತಲಲ್ಲಿ ಮರಳಿನ ಮೇಲೆ ಟೈರ್ ಉರುಳುವ ಸದ್ದು ಬಿಟ್ಟರೆ ಏನೂ ಇಲ್ಲ. ಸರ್ರ್ರ್… ಎಂದು ಒಂದೇ ಸಮನೆ.

ಎಡಗಡೆಯಿಂದ ಮೇಡಂ ಉಸಿರು ಎಳೆದುಕೊಂಡದ್ದು ಕೇಳಿಸಿತು. ಹೆದರಿದ ಉಸಿರಲ್ಲ ಅದು. "ಅಪ್ಪಾ?" ಎಂದರು ಮೆಲ್ಲಗೆ.

ಆಗ ನಾನು ಮಾಡಿದ್ದು ಇಷ್ಟು. ಕೈ ಕಿತ್ತುಕೊಂಡೆ. ಬಾಗಿಲು ತೆಗೆದೆ. ಹಾರಿದೆ.

ಬ್ರೇಕ್ ಒತ್ತಲಿಲ್ಲ. ಹ್ಯಾಂಡ್ ಬ್ರೇಕ್ ನೆನಪಾಗಲಿಲ್ಲ. ಪಕ್ಕದಲ್ಲೊಬ್ಬ ಹೆಂಗಸು ಕೂತಿದ್ದಾರೆ, ಕಾರು ಇಳಿಜಾರಿನಲ್ಲಿ ಉರುಳುತ್ತಿದೆ, ಒಂದು ಬದಿ ಅಗೆದ ಹಳ್ಳ ಬಾಯಿ ತೆರೆದಿದೆ… ಇದ್ಯಾವುದೂ ತಲೆಗೆ ಬರಲಿಲ್ಲ. ಬಂದಿದ್ದರೂ ಹಾರುತ್ತಿದ್ದೆನೋ ಏನೋ. ಅದನ್ನು ನೆನೆದರೆ ಈಗಲೂ ನನ್ನ ಮುಖ ನನಗೇ ನೋಡಬೇಕೆನಿಸುವುದಿಲ್ಲ. ಮೂವತ್ತು ವರ್ಷದಿಂದ ಗಾಡಿ ಕೆಲಸ ಮಾಡುತ್ತಿರುವವನು, ಉರುಳುವ ಗಾಡಿಯಲ್ಲಿ ಕಸ್ಟಮರನ್ನು ಬಿಟ್ಟು ಇಳಿದು ಓಡಿದೆ.

ಮರಳಿನ ಗುಡ್ಡೆಯ ಮೇಲೆ ಬಿದ್ದೆ. ಮೊಣಕೈ ಕಲ್ಲಿಗೆ ತರಚಿತು. ತಲೆಯೆತ್ತಿ ನೋಡಿದರೆ ಕಾರಿನ ಹಿಂದಿನ ಕೆಂಪು ದೀಪಗಳು ದೂರವಾಗುತ್ತಿದ್ದವು. ನನ್ನ ಬಾಗಿಲು ತೆರೆದೇ ಇತ್ತು. ಡ್ರೈವರ್ ಇಲ್ಲದ ಗಾಡಿ ರಸ್ತೆಯ ನಡುವೆ ನೆಟ್ಟಗೆ ಇಳಿಯುತ್ತಿತ್ತು. ಎದ್ದು ಕಾಲೆಳೆದುಕೊಂಡು ಹಿಂದೆ ಓಡಿದೆ.

ಗಾಡಿ ಹಂಪಿನವರೆಗೆ ಹೋಗಿ, ಮುಂದಿನ ಚಕ್ರ ಅದಕ್ಕೆ ತಾಗಿ, ಸ್ವಲ್ಪ ಹಿಂದೆ ಬಂದು ನಿಂತಿತು. ಗೇಟಿನ ಎದುರಿಗೇ ನಿಂತಿತ್ತು. ಬಣ್ಣಕ್ಕೆ ಒಂದು ಗೀರೂ ಆಗಿರಲಿಲ್ಲ.

ನಾನು ಏದುಸಿರು ಬಿಡುತ್ತಾ ತಲುಪಿದಾಗ ಮೇಡಂ ಹಾಗೇ ಕೂತಿದ್ದರು. ಕೆನ್ನೆ ಒದ್ದೆಯಾಗಿತ್ತು. ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿದ್ದು ಅದೇ ಮೊದಲು.

"ಅಪ್ಪ ನಿಲ್ಲಿಸ್ತಿದ್ದಿದ್ದೂ ಹೀಗೇ," ಎಂದರು. "ಹಂಪಿಗೆ ತಾಗಿಸಿ… ಬ್ರೇಕ್ ಹಾಕ್ದೇನೇ."

ಅವರ ಯಜಮಾನರು ಟಾರ್ಚ್ ಹಿಡಿದು ಗೇಟಿಗೆ ಬಂದರು. ಮರಳು ಮೆತ್ತಿಕೊಂಡ ನನ್ನನ್ನು, ರಕ್ತ ಸೋರುತ್ತಿದ್ದ ಮೊಣಕೈಯನ್ನು ನೋಡಿ, "ಏನಾಯ್ತ್ರೀ?" ಎಂದರು. ಮೇಡಂ ಕಾರಿನಿಂದ ಇಳಿಯುತ್ತಾ ಅವರೇ ಉತ್ತರ ಕೊಟ್ಟರು.

"ಗೇಟ್ ತೆಗೆಯೋಣ ಅಂತ ಇಳಿದ್ರು ಪಾಪ. ಕತ್ತಲೇಲಿ ಮರಳು ಕಾಣ್ಲಿಲ್ಲ, ಎಡವಿಬಿದ್ರು."

ಅಷ್ಟು ಸಲೀಸಾಗಿ ನನ್ನ ಮಾನ ಕಾಪಾಡಿಬಿಟ್ಟರು. ಒಳಗೆ ಕರೆದು ಕೂರಿಸಿ, ಮೇಣದ ಬತ್ತಿ ಹಚ್ಚಿ, ಗಾಯ ತೊಳೆದು ಅರಿಶಿನ ಒತ್ತಿದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಯಜಮಾನರು ನೀರು ತರಲು ಒಳಗೆ ಹೋದಾಗ ಮೇಡಂ ನನ್ನ ಹತ್ತಿರ ಬಗ್ಗಿದರು. ಪಿಸುದನಿಯಲ್ಲಿ ಕೇಳಿದರು.

"ಪ್ರಕಾಶ್ ಅವ್ರೇ, ನಿಜ ಹೇಳಿ. ಲಿವರ್ ಹೇಗೆ ಬಿತ್ತು? ನಿಮಗೇನಾದ್ರೂ… ಯಾರಾದ್ರೂ ಇದ್ದ ಹಾಗೆ… ಗೊತ್ತಾಯ್ತಾ?"

ಎಷ್ಟು ಆಸೆಯಿಂದ ಕೇಳಿದರೆಂದರೆ, ಅರಿಶಿನ ಒತ್ತುತ್ತಿದ್ದ ಬೆರಳು ನನ್ನ ಮೊಣಕೈಯ ಮೇಲೇ ನಿಂತುಬಿಟ್ಟಿತ್ತು. ಎರಡು ಮಾತು ಹೇಳಿದರೆ ಸಾಕಿತ್ತು. ಬೆಚ್ಚಗಿನ ಕೈ ಮೇಡಂ, ಮೆತ್ತಗೆ ಒತ್ತಿದರು ಮೇಡಂ. ಅವರು ಬಯಸಿದ್ದೇ ಅದು. ಬಂದ ದಿನವೇ ಕೇಳಿದ್ದು ಅದು.

ಆದರೆ ಹಾಗೆ ಹೇಳಿದರೆ ನಾನು ಹೆದರಿ ಓಡಿದ್ದು ಅವರಪ್ಪನಿಂದ ಎಂದಾಗುತ್ತಿತ್ತು. ಮಗಳು ಮಲಗಿರುತ್ತಾಳೆಂದು ಸದ್ದಿಲ್ಲದೆ ಮನೆಗೆ ಬರುತ್ತಿದ್ದ ಮನುಷ್ಯನನ್ನು ಕಂಡು ಬಾಗಿಲು ತೆರೆದು ಹಾರಿದ್ದೆ, ಅದೂ ಆ ಮಗಳನ್ನೇ ಒಳಗೆ ಬಿಟ್ಟು. ಅದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ.

"ಏನಿಲ್ಲ ಮೇಡಂ," ಎಂದೆ. "ಲಾಕ್ ಲೂಸ್ ಇತ್ತು. ನಾನು ಸರಿಯಾಗಿ ಟೈಟ್ ಮಾಡಿರ್ಲಿಲ್ಲ. ನನ್ನದೇ ತಪ್ಪು. ಬ್ರೇಕೂ ಹೋಯ್ತೇನೋ ಅಂದ್ಕೊಂಡು ಗಾಬರಿಯಾದೆ."

ನನ್ನ ಕೆಲಸದಲ್ಲಿ ತಪ್ಪಿದೆ ಎಂದು ಯಾರ ಮುಂದೆಯೂ ಒಪ್ಪದವನು ನಾನು. ಆವತ್ತು ಮಾಡದ ತಪ್ಪನ್ನು ಒಪ್ಪಿಕೊಂಡೆ. ಅವರ ಮುಖದಲ್ಲಿದ್ದ ಬೆಳಕು ಆರಿಹೋಯಿತು. "ಓ… ಲೂಸ್ ಇತ್ತಾ," ಎಂದರು. ಅರಿಶಿನದ ಬಟ್ಟಲು ಎತ್ತಿಕೊಂಡು ಎದ್ದರು.

ಆಮೇಲೆ ನಾನು ಟಾರ್ಚ್ ಬೆಳಕಿನಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದೆ. ಎಣ್ಣೆ ಕೆಂಪಗೆ, ಹೊಸದಾಗಿಯೇ ಇತ್ತು. ಸುಟ್ಟ ವಾಸನೆ ಎಲ್ಲೂ ಇರಲಿಲ್ಲ. ಲಾಕಿನ ಬಟನ್ ಒತ್ತದೆ ಲಿವರ್ ತಳ್ಳಿ ನೋಡಿದೆ. ಕಲ್ಲಿನ ಹಾಗೆ ನಿಂತಿತು. ಎರಡೂ ಕೈ ಹಾಕಿ ತಳ್ಳಿದರೂ ಅಲುಗಲಿಲ್ಲ. ಸರಿ ಮಾಡುವವನಂತೆ ಸ್ವಲ್ಪ ಹೊತ್ತು ಸ್ಪ್ಯಾನರ್ ಆಡಿಸಿ, "ಟೈಟ್ ಮಾಡಿದೀನಿ ಮೇಡಂ," ಎಂದು ಹೇಳಿ, ಇಳಿಜಾರು ಹತ್ತಿ ಮೇನ್ ರೋಡಿಗೆ ನಡೆದುಬಂದೆ. ನಡೆಯುವಾಗ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಅದು ಇನ್ನೂ ಬೆಚ್ಚಗೇ ಇತ್ತು.

ಸಲೀಂಗೂ ಹೇಳಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಲಿಲ್ಲ. ಮೇಡಂಗೆ ಫೋನ್ ಮಾಡಬೇಕೆಂದು ಎಷ್ಟೋ ಸಲ ನಂಬರ್ ತೆಗೆದು, ಮೊದಲನೇ ರಿಂಗಿಗೇ ಕಟ್ ಮಾಡಿದ್ದೇನೆ. ಅವರು ವಾಪಸ್ ಫೋನ್ ಮಾಡಿದರೆ ಕೈ ತಪ್ಪಿ ಒತ್ತಿಬಿಟ್ಟೆ ಎನ್ನುತ್ತಿದ್ದೆ.

ಧನುರ್ಮಾಸದ ಒಂದು ಬೆಳಿಗ್ಗೆ ಅವರೇ ಗ್ಯಾರೇಜಿಗೆ ಬಂದರು. ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಬಂದವರು ಏನೋ ಹೇಳಲು ಸಂಕೋಚಪಡುತ್ತಾ ಬಹಳ ಹೊತ್ತು ಷೆಡ್ಡಿನ ಮೂಲೆಯಲ್ಲಿ ನಿಂತಿದ್ದರು. ನಾನು ಟೀ ತರಿಸಿದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒಂದು ಕೇಳ್ತೀನಿ, ನಗಬಾರ್ದು."

"ಕೇಳಿ ಮೇಡಂ."

"ಆ ಲಾಕ್ ಆವತ್ತು ಲೂಸ್ ಇತ್ತು ಅಂದ್ರಲ್ಲ… ಮತ್ತೆ ಹಾಗೇ ಲೂಸ್ ಮಾಡ್ಕೊಡ್ತೀರಾ?"

ನಾನು ನನ್ನ ಟೀ ಲೋಟ ಕೆಳಗಿಟ್ಟೆ.

"ದಿನಾ ರಾತ್ರಿ ಊಟ ಆದ್ಮೇಲೆ ಒಂದು ರೌಂಡ್ ಹೋಗಿ ಆ ಇಳಿಜಾರು ಇಳೀತೀನಿ. ಲಿವರ್ ಬೀಳಲ್ಲ. ಬಟನ್ ಒತ್ತಿ ನಾನೇ ನ್ಯೂಟ್ರಲ್ ಮಾಡ್ಬಹುದು, ಮಾಡಿಯೂ ನೋಡಿದೆ. ನಾನೇ ಹಾಕಿದ್ರೆ ನಾನೇ ಹಾಕಿದ ಹಾಗಿರುತ್ತೆ." ಅವರು ಟೀ ಲೋಟದೊಳಗೆ ನೋಡುತ್ತಿದ್ದರು. "ಲೂಸ್ ಇದ್ದಿದ್ದಕ್ಕೇ ಬಿದ್ದಿದ್ದು ಅಂತ ನಂಗೂ ಗೊತ್ತು. ಆದ್ರೂ ತಾನಾಗೇ ಬಿತ್ತಲ್ಲ, ಆ ಒಂದು ನಿಮಿಷ… ಅಷ್ಟು ಸಾಕಿತ್ತು ನಂಗೆ. ಹುಚ್ಚು ಅಂದ್ಕೊಳ್ಬೇಡಿ."

ಈಗಲಾದರೂ ಹೇಳು ಎಂದು ನನಗೆ ನಾನೇ ಹೇಳಿಕೊಂಡೆ. ಲೂಸ್ ಇರಲಿಲ್ಲ ಮೇಡಂ. ಯಾವತ್ತೂ ಲೂಸ್ ಇರಲಿಲ್ಲ. ಹೇಳಲು ಬಾಯಿ ತೆರೆದೆ. "ಐದು ನಿಮಿಷ ಕೂತ್ಕೊಳಿ, ಮಾಡ್ಕೊಡ್ತೀನಿ," ಎಂಬ ಮಾತು ಬಂತು.

ಕಾರಿನೊಳಗೆ ಬಗ್ಗಿದೆ. ಲಿವರಿನ ಬುಡದ ಮುಚ್ಚಳ ತೆಗೆದು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯ ಸ್ಕ್ರೂಡ್ರೈವರನ್ನು ಒಂದು ಸ್ಕ್ರೂವಿನ ಮೇಲಿಟ್ಟು ತಿರುಗಿಸಿದ ಹಾಗೆ ಮಾಡಿದೆ. ಮುಟ್ಟಿದ್ದು ಬುಡವನ್ನು ಮಾತ್ರ. ಮೇಲಿನ ಗುಬುಟಿನ ಹತ್ತಿರ ಕೈ ಒಯ್ಯುವ ಧೈರ್ಯ ನನಗಿರಲಿಲ್ಲ. ಚಳಿಗೆ ಸ್ಪ್ಯಾನರ್‌ಗಳು ಕೂಡ ಮಂಜುಗಡ್ಡೆಯಾಗಿದ್ದ ಬೆಳಿಗ್ಗೆ ಅದು. ಮುಚ್ಚಳ ಹಾಕಿ ಹೊರಗೆ ಬಂದೆ.

"ಆಯ್ತು ಮೇಡಂ."

"ಆವತ್ತಿನ ಹಾಗೇ?"

"ಆವತ್ತಿನ ಹಾಗೇ."

ಅವರು 'ಥ್ಯಾಂಕ್ಸ್' ಎನ್ನುತ್ತಾ ಡ್ರೈವರ್ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಲಿವರಿನ ಗುಬುಟಿನ ಮೇಲೆ ಕೈಯಿಟ್ಟರು. ಇಟ್ಟ ಕೈ ಹಾಗೇ ನಿಂತುಬಿಟ್ಟಿತು. ನಿಧಾನವಾಗಿ ತಲೆಯೆತ್ತಿ ಕಿಟಕಿಯಿಂದ ನನ್ನನ್ನು ನೋಡಿದರು.

"ಇದ್ಯಾಕೆ ಇಷ್ಟು ಬೆಚ್ಚಗಿದೆ?"

ಅವರು ಕಾಯುತ್ತಿದ್ದರು. ಮತ್ತೆ ಅದೇ ಆಸೆ, ಅದೇ ಕಣ್ಣು.

"ಇಷ್ಟೊತ್ತು ನನ್ನ ಕೈ ಅಲ್ಲೇ ಇತ್ತಲ್ಲ ಮೇಡಂ," ಎಂದೆ.